ಅತ್ತೆ ಕೇಳಿದ ನೀರು

ನಾರಾವಿ
೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ತೃಪ್ತಿ,

ಅತ್ತಿಗೆಯ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲು ಮೂಡುಬಿದಿರೆಯಲ್ಲಿ ನೀನೀಗ ಕನ್ನಡಕ ಹುಡುಕುತ್ತಿರಬಹುದು. ಅವಸರವಿಲ್ಲ, ಕೂತು ಓದು.

ಇಂದು ಕ್ಷಮಾವಣಿ. ಬೆಳಗ್ಗಿನಿಂದ ಎಲ್ಲರೂ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಹಾಕಿ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಿದ್ದಾರೆ. ನಾನೂ ನಲವತ್ತು ಜನರಿಗೆ ಕಳುಹಿಸಿದೆ. ನಿನಗೆ ಕಳುಹಿಸಲು ಮಾತ್ರ ಕೈ ಏಳಲಿಲ್ಲ.

ಮೊನ್ನೆ ಫೋನಿನಲ್ಲಿ ನೀನು, ಡಾಕ್ಟರು ಕೈಬಿಟ್ಟರು ಅತ್ತಿಗೆ, ಇನ್ನು ಮುನಿಗಳ ಅಪ್ಪಣೆ ಪಡೆದು ಅಮ್ಮನ ಹಾಗೆ ಸಲ್ಲೇಖನ ವ್ರತ ತಗೊಳ್ತೇನೆ, ಅನ್ನ ಬಿಟ್ಟು ನೀರು ಬಿಟ್ಟು ಅವರಷ್ಟೇ ಶಾಂತವಾಗಿ ಹೋಗ್ತೇನೆ ಎಂದೆಯಲ್ಲ. ಆ ಶಾಂತಿಯ ಕಥೆ ಕಟ್ಟಿದವಳು ನಾನು.

ಅತ್ತೆ ನಮೋಕಾರ ಮಂತ್ರ ಹೇಳುತ್ತಾ ಕಣ್ಣು ಮುಚ್ಚಿದರು ಎಂದು ಒಂಬತ್ತು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದೇನೆ. ಅದು ಸುಳ್ಳು. ನೀರು ಬಿಟ್ಟ ಎರಡನೆಯ ಸಂಜೆ ಅವರು ನೀರು ಕೇಳಿದರು. ಕೋಣೆ ತುಂಬ ಜನ ಕೈಮುಗಿದು ಕೂತಿದ್ದರು. ಭಜನೆಯ ನಡುವೆ ಅದು ನನ್ನ ಕಿವಿಗೆ ಮಾತ್ರ ಬಿತ್ತು. ಇಷ್ಟು ಜನರೆದುರು ವ್ರತ ಮುರಿದರೆ ಮನೆಯ ಮಾನ ಏನಾದೀತು ಎಂದು ಹೆದರಿ ಸುಮ್ಮನಿದ್ದೆ. ಬೆಳಗಾಗುವಾಗ ಅವರಿರಲಿಲ್ಲ.

ಕೊಟ್ಟಿದ್ದರೆ ವ್ರತ ಕೆಡಿಸಿದ ಪಾಪ, ಕೊಡದೆ ಹೋದದ್ದಕ್ಕೆ ಈ ಪಾಪ. ಪಾಪಕರ್ಮ ಆತ್ಮಕ್ಕೆ ಅಂಟುತ್ತದೆ ಎಂದು ಬಸದಿಯಲ್ಲಿ ಕೇಳಿದಾಗಲೆಲ್ಲ ಗೊತ್ತಿಲ್ಲದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತೇನೆ. ಸಂಜೆ ಲೋಟ ಎತ್ತಿದರೆ ಒಣತುಟಿಯನ್ನು ನಾಲಿಗೆ ಸವರುವ ಸದ್ದು ಬೆನ್ನ ಹಿಂದೆ ಕೇಳುತ್ತದೆ. ನಿನ್ನ ಅಣ್ಣ ಇದನ್ನು ವಯಸ್ಸಿನ ಕಿವಿ ಎನ್ನುತ್ತಾರೆ. ನನಗೆ ಭಯವಾಗುತ್ತದೆ ತೃಪ್ತಿ.

ವ್ರತ ಬೇಡವೆನ್ನಲು ನಾನು ಯಾರು? ತೆಗೆದುಕೊಳ್ಳುವುದಾದರೆ ತೆಗೆದುಕೊ. ಆದರೆ ಅಮ್ಮ ಹಾಗೆ ಹೋದರು ಎಂಬ ನನ್ನ ಮಾತನ್ನು ನಂಬಿ ತೆಗೆದುಕೊಳ್ಳಬೇಡ.

ಕ್ಷಮೆಗೆ ಕಾದಿರುವ,
ನಿನ್ನ ಅತ್ತಿಗೆ
ಶಶಿಪ್ರಭಾ

ಮತ್ತೆ: ಅಂಟಿಸಿದ ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಅತ್ತೆ ನೀರು ಕೇಳಿದಾಗ ಕೋಣೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ, ನೀವೆಲ್ಲ ಚಾವಡಿಯಲ್ಲಿ ಎಲೆಯ ಮುಂದೆ ಕೂತಿದ್ದಿರಿ. ಅತ್ತೆ ಕೇಳಿದ್ದು ನನ್ನನ್ನೂ ಅಲ್ಲ. ನನ್ನ ಮುಖವನ್ನೇ ನೋಡುತ್ತಾ, ತೃಪ್ತೀ, ಒಂತೆ ನೀರ್ ಕೊರ್ಲ ಎಂದು ನಿನ್ನನ್ನು ಕರೆದರು. ಇಪ್ಪತ್ತೆಂಟು ವರ್ಷ ಅವರ ಚಾಕರಿ ಮಾಡಿದವಳು ನಾನು. ನಿನಗೆ ಕೇಳಿಸಿದರೆ ಉಣ್ಣುವ ಕೈಯಲ್ಲೇ ಓಡಿ ಬಂದು ಕೊಡುತ್ತೀ ಎಂದು ಗೊತ್ತಿತ್ತು. ಎದ್ದು ಹೋಗಿ ಬಾಗಿಲು ಮುಚ್ಚಿದೆ.