ಬೆಳಕು ನೋಡಲು ತೆಗೆದ ಫೋಟೋ

ಮಾರ್ಚ್ ೧೧, ಮಂಗಳವಾರ

ಪಾಸ್‌ಪೋರ್ಟ್, ಕ್ಯಾಮೆರಾ ಎರಡನ್ನೂ ವಾಪಸ್ ಕೊಟ್ಟರು. ಮೆಮೊರಿ ಕಾರ್ಡ್ ಇಟ್ಟುಕೊಂಡರು. ಪರದೇಶದವನೆಂದು ನನ್ನನ್ನು ಬಿಟ್ಟರು, ನನ್ನ ಡ್ರೈವರನ್ನು ಬಿಡಲಿಲ್ಲ.

ಪೊಲೀಸರು ಹಿಡಿದರೆ, ‘ಈಗಷ್ಟೇ ಹತ್ತಿದ ಬಾಡಿಗೆ ಕಾರು, ಇವನು ಯಾರೋ ಗೊತ್ತಿಲ್ಲ’ ಎನ್ನಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಹಾಗೇ ಅಂದೆ. ಸರ್ಕಾರ ನಿಷೇಧಿಸಿದ್ದ ಮೆರವಣಿಗೆಯ ಚಿತ್ರಗಳನ್ನೆಲ್ಲ ದಾರಿಯಲ್ಲೇ ಅಳಿಸಿದ್ದೆ, ಮಹಾ ಬುದ್ಧಿವಂತ.

ಅಧಿಕಾರಿ ಕ್ಯಾಮೆರಾದ ಪರದೆಯನ್ನು ನನ್ನ ಕಡೆ ತಿರುಗಿಸಿದ. ಕಾರಿಗೆ ಒರಗಿ ನಗುತ್ತಿರುವ ಡ್ರೈವರ್, ಹಿಂದೆ ಮೆರವಣಿಗೆ ಹೊರಡಬೇಕಿದ್ದ ಚೌಕ, ಮೂಲೆಯಲ್ಲಿ ಇವತ್ತಿನ ತಾರೀಖು, ಬೆಳಗಿನ ಏಳು ಗಂಟೆ.

“ಯಾರೋ ಗೊತ್ತಿಲ್ಲ ಅಂದ್ರಲ್ಲ” ಎಂದ, ದನಿ ಏರಿಸದೆ.

ದಿನವೂ ಕೆಲಸಕ್ಕೆ ಮೊದಲು, ಬೆಳಕು ಎಷ್ಟಿದೆ ಎಂದು ನೋಡಲು ಡ್ರೈವರನ್ನು ನಿಲ್ಲಿಸಿ ಒಂದು ಫೋಟೋ ತೆಗೆಯುತ್ತೇನೆ. ರಾತ್ರಿ ಅಳಿಸುತ್ತೇನೆ. ಅದನ್ನು ಚಿತ್ರವೆಂದು ನಾನು ಎಣಿಸಿದ್ದೇ ಇಲ್ಲ, ಹಾಗಾಗಿ ಇವತ್ತು ಅಳಿಸುವಾಗ ನೆನಪಿಗೇ ಬರಲಿಲ್ಲ.

“ನನ್ನ ಮುಖ ನೋಡಿ ಶುರುಮಾಡಿ ಅಣ್ಣ, ದಿನ ಚೆನ್ನಾಗಿರತ್ತೆ” ಅನ್ನುತ್ತಿದ್ದ. ಅವನು ಇವತ್ತು ಯಾರ ಮುಖ ನೋಡಿ ಎದ್ದಿದ್ದನೋ. ಬಾಗಿಲು ಬಡಿದು ಎಬ್ಬಿಸಿದವನು ನಾನೇ.

ಸಂಜೆ ಅವನ ಹೆಂಡತಿ ನನ್ನ ರೂಮಿಗೆ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ.

“ಸ್ಟೇಷನ್‌ನಲ್ಲಿ ಅವ್ರನ್ನ ಹಿಡಿದೇ ಇಲ್ಲ ಅಂತಾರೆ ಅಣ್ಣ, ಕಾಣೆಯಾಗಿದ್ದಾರೆ ಅಂತ ದೂರು ಕೊಟ್ರೆ ಫೋಟೋ ಇಲ್ದೆ ತಗೊಳ್ಳಲ್ಲ ಅಂತಾರೆ. ಮನೇಲಿರೋದು ಮದುವೇದು, ಅದ್ರಲ್ಲಿ ಗುರುತೇ ಸಿಗಲ್ಲ. ನೀವು ದಿನಾ ತೆಗೀತಿದ್ರಂತಲ್ಲ, ಒಂದು ಕೊಡಿ.”

ಹತ್ತೊಂಬತ್ತು ಬೆಳಗು ಅವನ ಮುಖ ತೆಗೆದವನು ನಾನು. ಒಂದೂ ಉಳಿದಿಲ್ಲವೆಂದು ಗೊತ್ತಿದ್ದೂ, ಲ್ಯಾಪ್‌ಟಾಪ್ ತೆರೆದು ಅವಳೆದುರು ತುಂಬ ಹೊತ್ತು ಹುಡುಕಿದೆ.