ಮಿರಾಫ್ಲೋರೆಸ್‌ನ ಗಾಳಿ ನೋಡಿ ಬಂದೆ

ಅತ್ತಿಯವರ,

ನೋಡಿ ಬಂದೆ! ಆ ಹುಡುಗನ್ನ ನೋಡಿ ಬಂದೆ. ದವಾಖಾನಿಯಾಗ ನನ್ನ ಮುಂಗೈ ಗಟ್ಟಿ ಹಿಡಕೊಂಡು ಹೇಳಿದ್ರಲ್ಲ, "ನಿನ್ನ ಗಂಡನ್ನ ಕೇಳಬ್ಯಾಡ. ಗೌರಿ ಹತ್ರ ಹೋಗು, ಆ ಹುಡುಗ ಎಂಥಾಂವ ಅಂತ ನೀನ ನೋಡು. ಬಂದು ಒಂದೂ ಬಿಡದ ನನಗ ಹೇಳು" ಅಂತ. ನಾ ಟಿಕೆಟ್ ತಗಸೂದರೊಳಗ ನೀವ ನಮ್ಮನ್ನ ಬಿಟ್ಟು ಹೋಗಿಬಿಟ್ರಿ. ಅದಕ್ಕ ಬರದು ಹೇಳಾಕತ್ತೀನಿ. ಇಲ್ಲಿ ನಮ್ಮೂರು ಪಿಕರಿಂಗ್‌ದಾಗ ಹಿಮ ಸುರಿಯಾಕತ್ತೈತಿ, ನನ್ನ ಮೂಗು ಮಾತ್ರ ಲಿಮಾದ ಬಿಸಲಿಗೆ ಸುಲದು ಕೆಂಪಗಾಗೈತಿ.

ಗೌರಿ ಮೊದಲ ಸಲ ಈ ಹುಡುಗ ಮಾತೇಯೋನ ಹೆಸರು ಹೇಳಿದ ದಿನ ನೆನಪೈತಿ ನಿಮಗ? ನಮ್ಮ ಮಗಳು ಗಣಿ ಕಂಪನಿ ಕೆಲಸಕ್ಕಂತ ಲಿಮಾಕ್ಕ ಹೋದಾಕಿ, ಫೋನಿನಾಗ "ಹಿ ಟೀಚಸ್ ಪ್ಯಾರಾಗ್ಲೈಡಿಂಗ್, ಅಪ್ಪಾ" ಅಂದ್ಳು. ಅಣು ಸ್ಥಾವರದಾಗ ಇಡೀ ಆಯುಷ್ಯ ಸೇಫ್ಟಿ, ಸೇಫ್ಟಿ ಅಂತ ತಿರುಗಿದ ನಿಮ್ಮ ಮಗಗ ಏನಾಗಿರಬ್ಯಾಡ! "ಗುಡ್ಡದಿಂದ ಜಿಗಿಯೂದು ಒಂದು ಉದ್ಯೋಗ ಏನು?" ಅಂತ ಫೋನ್ ಇಟ್ಟುಬಿಟ್ರು. ಆವತ್ತಿನಿಂದ ಅಪ್ಪ ಮಗಳ ಮಾತು ಬಂದ್. ನಾ ಹೊರಟಾಗ ಏರ್‌ಪೋರ್ಟಿನಾಗ ಅವರು ಅಂದದ್ದು ಎರಡ ಮಾತು, "ಕರಕೊಂಡ ಬಾ."

ಮಿರಾಫ್ಲೋರೆಸ್ ಅಂತ ಆ ಭಾಗದ ಹೆಸರು. ಲಿಮಾ ಊರು ಅಲ್ಲಿಗೆ ಬಂದು ಒಮ್ಮಿಗೇ ಕಡದಂಗ ನಿಂತುಬಿಡತೈತಿ. ಕೆಳಗ ನೋಡಿದ್ರ ಸಮುದ್ರ! ಆ ಕಡಿದಾದ ದಂಡಿ ಉದ್ದಕ್ಕೂ ಹೂವಿನ ತ್ವಾಟ, ಓಡಾವ್ರು, ಸೈಕಲ್, ನಾಯಿ, ಹುಲ್ಲಿನ ಮ್ಯಾಲೆ ನಾಚಿಕಿ ಇಲ್ಲದ ಅಪ್ಪಿಕೊಂಡು ಕುಂತ ಜೋಡಿಗೋಳು. ನಾ ಮಾರಿ ತಿರುಗಿಸಿದೆ, ಮತ್ತ ನೋಡಿದೆ. ಫೆಬ್ರುವರಿಯಾಗ ಅವರಿಗೆ ಬ್ಯಾಸಗಿ. ಊಟದ್ದು ನೀವು ಕೇಳೇ ಕೇಳ್ತೀರಿ. ಮಾಂಸ ಬ್ಯಾಡ ಅಂದ್ರ ಹೋಟೆಲಿನಾಕಿ "ಹಂಗಾದ್ರ ಚಿಕನ್ ಕೊಡ್ಲಾ?" ಅಂದ್ಳು! ಮಾತೇಯೋ ಎದ್ದು ಅಡಗಿಮನಿಗೇ ಹೋಗಿ ನಿಂತ. ನನ್ನ ತಾಟಿಗೆ ಬರೇ ಅನ್ನ, ಅವರೆಯಂಥಾ ಕಾಳು, ಹುರದ ಬಾಳಿಹಣ್ಣು ಬಂತು.

ಮರುದಿನ ಅಂವ ಕೆಲಸ ಮಾಡೂ ಜಾಗದಾಗ ಬೆಂಚಿನ ಮ್ಯಾಲೆ ಕುಂತೆ. ಬೈಗುಳ ಎಲ್ಲಾ ತಯಾರಿತ್ತು. ಗೌರಿ, "ಅಮ್ಮಾ, ಏನೂ ಹೇಳಬ್ಯಾಡ. ಜಸ್ಟ್ ವಾಚ್ ಹಿಮ್" ಅಂದ್ಳು. ಗಾಳಿ ಸರಿ ಇರಲಿಲ್ಲ. ದೂರದಿಂದ ಬಂದ ಎತ್ತರದ ಮನಷ್ಯಾ ಒಬ್ಬ, ನಾಳೆ ನನ್ನ ವಿಮಾನ ಐತಿ, ಇವತ್ತ ಹಾರಸು ಅಂತ ಗಂಟು ಬಿದ್ದ. ಒದರಾಡಿದ. ಮಾತೇಯೋ ದನಿ ಏರಸಲಿಲ್ಲ, ತಲಿ ಅಲ್ಲಾಡಿಸಿದ ಅಷ್ಟ. "ನೋ." ಅತ್ತಿಯವರ, ಆ ಒಂದ "ನೋ" ಕೇಳಿ ನನಗ ನಗಿ ಬಂತು. ನಿಮ್ಮ ಮಗನ ಆ ದನಿ ನಮ್ಮ ಮನಿಯಾಗ ಎಷ್ಟು ವರ್ಷದಿಂದ ಕೇಳೀನಿ!

ಮೂರನೇ ದಿನ ಗಾಳಿ ಬಂತು. ಮಾತೇಯೋ "ಸೆನ್ಯೋರಾ?" ಅಂತ, ಅಂದ್ರ ಅಮ್ಮಾವ್ರ ಅಂತ, ನನ್ನ ಕಡೆ ಕೈ ಚಾಚಿದ. ನನ್ನ ಬಾಯಾಗಿಂದ ಹೂಂ ಹೆಂಗ ಬಂತೋ! ಛತ್ರಿಯಂಥಾ ದೊಡ್ಡ ಬಟ್ಟಿಗೆ ನಮ್ಮಿಬ್ಬರನ್ನೂ ಕೂಡಿಸಿ ಪಟ್ಟಿ ಕಟ್ಟಿದ, ಜಗ್ಗಿ ನೋಡಿದ, ಮತ್ತ ನೋಡಿದ. "ಓಡ್ರಿ" ಅಂದ. ನಾಕು ಹೆಜ್ಜಿ ಓಡಿದೆ, ಐದನೇದಕ್ಕ ಕಾಲ ಕೆಳಗ ನೆಲಾನ ಇಲ್ಲ! ಚೀರಿದೆ, "ಯಪ್ಪಾ!" ಅಂತ. ಆಮ್ಯಾಲೆ ಚೀರೂದು ಮರತ ಹೋತು. ಕಾಲ ಬುಡಕ ತೆರಿ, ತೆರಿ ಮ್ಯಾಲೆ ಹಲಗಿ ಮ್ಯಾಲೆ ನಿಂತು ಜಾರೂ ಇರಿವಿಯಂಥಾ ಹುಡುಗರು, ಪಕ್ಕದಾಗ ಗಾಜಿನ ಕಟ್ಟಡ. ಹತ್ತನೇ ಮಾಳಿಗಿ ಬಾಲ್ಕನಿಯಾಗ ಅರಿವಿ ಒಣಹಾಕೂ ಹೆಂಗಸು ನನಗ ಕೈ ಮಾಡಿದ್ಲು. ನಾನೂ ಮಾಡಿದೆ. ಅರವತ್ತು ದಾಟಿದಾಕಿ ನಾನು, ನಂಬ್ತೀರಿ? ನೀವು ನೋಡಿದ್ರ...

ಇಳದ ಮ್ಯಾಲೆ ನಾನ ಕೇಳಿದೆ, "ಮದುವಿ ಯಾವಾಗ?"

ಗೌರಿ ಅಳಾಕ ಶುರು ಮಾಡಿದ್ಲು. ಆ ಶುಕ್ರವಾರನ ಮದುವಿ ಅಂತ ಇಬ್ಬರೂ ಮೊದಲ ಗೊತ್ತು ಮಾಡಿದ್ರು, ನನಗ ಹೇಳಾಕ ಅಕಿಗೆ ಧೈರ್ಯ ಇರಲಿಲ್ಲ. ಮಿರಾಫ್ಲೋರೆಸ್ ಪುರಸಭೆಯಾಗ ರಿಜಿಸ್ಟರ್ ಮದುವಿ ಆತು. ನಿಮ್ಮ ಇಳಕಲ್ ಸೀರಿ ನಾ ಉಟ್ಟಿದ್ದೆ. ನಾ ಸಾಕ್ಷಿ ಅಂತ ಸಹಿ ಮಾಡಿದ ಮ್ಯಾಲೆ ಶಾಯಿ ಹಚ್ಚಿ ಬೆರಳಿನ ಗುರ್ತೂ ಒತ್ತಿಸಿಕೊಂಡ್ರು. ಎಂ.ಎ. ಮಾಡೀನಿ, ಹೆಬ್ಬೆಟ್ಟಿನಾಕಿ ಅನ್ಕೊಂಡ್ರೋ ಏನೋ!

ನಿನ್ನೆ ಮುಂಜಾನೆ ಚಾ ಕೊಟ್ಟು ನಿಮ್ಮ ಮಗಗ ಎಲ್ಲಾ ಹೇಳಿದೆ. ಅವರು ಕಪ್ಪು ಇಟ್ಟು ಎದ್ದು ಹೋದ್ರು. ಮಧ್ಯಾಹ್ನತನಕ ಡ್ರೈವ್‌ವೇಯಾಗಿನ ಹಿಮಾನ ತಗದ್ರು, ನಮ್ದೂ, ಬಾಜೂಕಿನವರದೂ. ಸಂಜಿಕೆ ಫೋನ್ ಹಚ್ಚಿದ್ರು. "ಗೌರೀ, ಊಟಾ ಆತೇನು?" ಅಂದ್ರು. ಆ ಕಡೆಯಿಂದ ಅಳು. ಈ ಕಡೆ ಇವರೂ... ಕಣ್ಣು ಒರಿಸಿಕೊಂಡು, "ಅವಂಗ ಕೊಡು" ಅಂದ್ರು. ಅಳಿಯನ ಕೂಡ ಅರ್ಧ ತಾಸು ಮಾತಾಡಿದ್ರು. ಏನು ಅಂತ ಕೇಳಿದ್ರ, "ಏನಿಲ್ಲ, ಕೆಲಸದ್ದು" ಅಂತ!

ಜುಲೈದಾಗ ಇಬ್ಬರೂ ಇಲ್ಲಿಗೆ ಬರ್ತಾರ. ನಿಮ್ಮ ಖೋಲಿ ಅವರಿಗೆ ಕೊಡ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇಷ್ಟು ದಿನ ಅದರ ಬಾಗಲಾ ತಗಿಯಾಕ ನಮ್ಮಿಬ್ಬರಿಗೂ ಆಗಿರಲಿಲ್ಲ. ಇವತ್ತ ನಿಮ್ಮ ಒಂಟಿ ಮಂಚಾ ನಿಮ್ಮ ಮಗನೇ ಬಿಚ್ಚಿ ಬೇಸ್‌ಮೆಂಟಿಗೆ ಇಳಿಸಿದ್ರು. ದೊಡ್ಡ ಮಂಚಕ್ಕ ಜಾಗಾ ಸಾಲತೈತೇನು ಅಂತ ಈಗ ಟೇಪ್ ಹಿಡದು ಅಳೀಲಿಕ್ಕೆ ಹತ್ಯಾರ.

ನಿಮ್ಮ ಸೊಸಿ,
ಶಾಂತಾ