ಆರನೆಯ ಪಾಠದ ಪ್ರಶ್ನೆ

ಖಡಕಿ, ಪುಣೆ
೨೧ ಆಗಸ್ಟ್ ೨೦೨೫, ಗುರುವಾರ

ಚಿರಂಜೀವಿ ಹರ್ಷಿತಾಳಿಗೆ,

ನಿನ್ನ ಮೌಶಿಯ ಆಶೀರ್ವಾದಗಳು.

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಹನ್ನೊಂದು ಮನೆ ತಿರುಗಿ ಈಗಷ್ಟೇ ಬಂದು ಕೂತೆ. ಕೊನೆಯ ಮನೆಯ ಬಸುರಿಗೆ ತಲೆನೋವಿತ್ತು. ಬಿ.ಪಿ. ನೋಡಿದರೆ ಏರಿತ್ತು. ಊಟವಾದ ಮೇಲೆ ಹೋದರಾಯಿತು ಎಂದಳು ಅವಳ ಅತ್ತೆ. ನಾನು ಕೇಳಲಿಲ್ಲ. ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಸೇರಿಸಿ ಬಂದೆ. ತಾಯಿ, ಕೂಸು ಇಬ್ಬರಿಗೂ ಅಪಾಯವಿಲ್ಲವಂತೆ.

ಉತ್ತರ ತಡವಾಯಿತು. ‘ಮೌಶಿ, ಆರನೇ ಪಾಠ ನಾನೇ ಬರದೀನಿ, ಹೆಂಗ ಅನಿಸ್ತು ಹೇಳ್ರಿ’ ಎಂದು ನೀನು ಎರಡು ಸಲ ಕೇಳಿದೆ. ನಾನು ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾದೆ. ಫೋನಿನಲ್ಲಾದರೆ ಅತ್ತುಬಿಡುತ್ತೇನೆ. ದಿನಚರಿ ಬರೆದು ರೂಢಿಯಾದ ಕೈಗೆ ಕಾಗದವೇ ಸುಲಭ.

ನಿಮ್ಮ ಸಂಸ್ಥೆಯ ಆನ್‌ಲೈನ್ ತರಬೇತಿ ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆಂದು ನಿನಗೆ ಹೇಳಿರಲಿಲ್ಲ. ಪಾಠ ಮರಾಠಿಯಲ್ಲಿ. ನಾನು ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ಮರಾಠಿ ಮಾತಾಡುತ್ತೇನೆ, ಓದುವುದು ನಿಧಾನ. ಅದಕ್ಕೆ ಸಂಜೆ ನಾನು ಜೋಳದ ಭಕ್ರಿ ಬಡಿಯುವಾಗ ನಮ್ಮ ಯಜಮಾನರು, ನಿನ್ನ ಕಾಕಾ, ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಓದಿ ಹೇಳುತ್ತಾರೆ. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇದೇ ಡ್ಯೂಟಿ.

‘ಸರ್ಟಿಫಿಕೇಟಿನ್ಯಾಗ ನನ್ನ ಹೆಸರೂ ಹಾಕಸು. ಅರ್ಧಾ ಡಾಕ್ಟರ್ ಆಗೀನಿ’ ಎನ್ನುತ್ತಾರೆ.

‘ಮೊದಲ ಕೈ ತೊಳಕೊಳ್ಳೋ ಪಾಠ ಪಾಸ್ ಆಗ್ರಿ’ ಎನ್ನುತ್ತೇನೆ.

ನಮ್ಮ ಮಗಳು ತನುಶ್ರೀ ಹೋದ ಮೇಲೆ ಈ ಮನೆಯಲ್ಲಿ ನಗು ಕೇಳುತ್ತಿದ್ದುದು ಆ ಒಂದು ತಾಸು ಮಾತ್ರ.

ಕಳೆದ ಶುಕ್ರವಾರ ಆರನೆಯ ಪಾಠ. ಅದರಲ್ಲೊಂದು ಕತೆ. ನನ್ನಂಥ ಒಬ್ಬ ಆಶಾ ಕಾರ್ಯಕರ್ತೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ‘ಕವಿತಾ’. ಎಂಟನೆಯ ತಿಂಗಳು. ಮಾತು ಮರಾಠಿಗೆ ತಿರುಗಿದ್ದರೂ ನನಗೆ ಕೇಳಿಸಿದ್ದು ನನ್ನ ಮಗಳ ದನಿಯೇ: ‘ಅವ್ವಾ, ತಲಿ ಭಾಳ ನೋಯಾಕತ್ತದ. ಟ್ಯೂಬ್‌ಲೈಟ್ ಎರಡೆರಡು ಕಾಣ್ತಾವ.’ ಸೋಮವಾರದ ಉಪವಾಸದ್ದು, ಉಂಡು ಮಲಗಿದರೆ ಹೋಗುತ್ತದೆ ಎನ್ನುತ್ತಾಳೆ ತಾಯಿ. ಬಿ.ಪಿ. ಯಂತ್ರ ಅಲ್ಲೇ ಗೋಡೆಯ ಮೊಳೆಗೆ ತೂಗಿದ ಚೀಲದಲ್ಲಿರುತ್ತದೆ. ಊರ ಬಸುರಿಯರನ್ನೆಲ್ಲ ನೋಡಿ ಬಂದವಳು ಮನೆಯಲ್ಲಿ ಚೀಲ ಇಳಿಸುವುದಿಲ್ಲ. ಬೆಳಗಾಗುವುದರೊಳಗೆ ಮಗಳಿಗೆ ಫಿಟ್ಸ್.

ಮುಂದಿನದು ನಿನಗೆ ಗೊತ್ತು. ಬರೆದವಳು ನೀನೇ.

ಹೆಸರು ಬದಲಿಸಿದ್ದೀ, ಹರ್ಷಿತಾ. ಮೊಳೆ, ಚೀಲ, ಟ್ಯೂಬ್‌ಲೈಟ್ ಹಾಗೇ ಇವೆ. ತನುವಿನ ಹದಿಮೂರನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಹಿಂದಿನ ಗ್ಯಾಲರಿಯಲ್ಲಿ ನಿನ್ನ ಕೈ ಹಿಡಿದು ನಾನು ಹೇಳಿದ ಮಾತುಗಳವು. ನಿನಗೊಬ್ಬಳಿಗೇ ಹೇಳಿದ್ದು. ‘ಯಾರ ಮುಂದೂ ಆಡಂಗಿಲ್ಲ ಮೌಶಿ, ತನು ಆಣೆ’ ಎಂದಿದ್ದೆ ನೀನು.

ಇಪ್ಪತ್ತು ಬಡ ದೇಶಗಳಲ್ಲಿ ಅವರವರ ಭಾಷೆಗೆ ತಿರುಗಿಸಿ ಈ ಪಾಠ ಓದುತ್ತಾರೆಂದು ನೀನು ಹೆಮ್ಮೆಪಟ್ಟಿದ್ದೆ. ಓದಲಿ. ಇವತ್ತು ಆ ಅತ್ತೆಯ ಮಾತು ನಾನು ಕೇಳದೆ ಇದ್ದದ್ದು ಆ ಪಾಠದಿಂದಲೇ ಇರಬಹುದು, ಸುಳ್ಳು ಹೇಳಲಾರೆ. ಆದರೆ ಒಂದು ಮಾತು ನನ್ನನ್ನು ಕೇಳಬೇಕಿತ್ತು. ನೀನಿರುವ ಸದಾಶಿವ ಪೇಠೆಯೇನು ದೂರವೇ? ಕೇಳಿದ್ದರೆ ಅತ್ತಾದರೂ ಹೂಂ ಅನ್ನುತ್ತಿದ್ದೆ. ಒಂದು ವಾರ ಮಾತ್ರ ತಡೆ ಅನ್ನುತ್ತಿದ್ದೆ.

ಕತೆಯ ಕೊನೆಗೆ ಪ್ರಶ್ನೆ: ಈ ಸಾವಿಗೆ ಕಾರಣವೇನು? ಸರಿಯುತ್ತರ ಒತ್ತುವ ತನಕ ಪಾಠ ಮುಗಿಯುವುದಿಲ್ಲ. ನಮ್ಮದು ಮುಗಿಯಿತು.

ಮಳೆಯಲ್ಲಿ ಸ್ಕೂಟರ್ ನಿಧಾನ ಓಡಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿನಲ್ಲೂ ನಿನಗೆ ಬೇರೆ ಮಾತು ಬರೆಯಲು ನನಗೆ ಬಾರದು.

ನಿನ್ನ ಮೌಶಿ,
ಪ್ರಫುಲ್ಲಾ

ತಾ.ಕ.: ಉತ್ತರ ಒತ್ತಿದ್ದು ನಾನಲ್ಲ. ತನು ಆ ಸಂಜೆ ತಲೆನೋವೆಂದು ಹೇಳಿದ್ದು ನಿನ್ನ ಕಾಕಾಗೆ ಈ ಎರಡು ವರ್ಷ ಗೊತ್ತಿರಲಿಲ್ಲ. ಆಗ ಅವರು ಸೆಕೆಂಡ್ ಶಿಫ್ಟಿನಲ್ಲಿದ್ದರು. ಎಲ್ಲ ಒಮ್ಮೆಲೇ ಆಯಿತೆಂದೇ ನಂಬಿದ್ದರು. ಆ ಒಂದು ವಾರ ಸಿಕ್ಕಿದ್ದರೆ ನಾನೇ ಹೇಳುತ್ತಿದ್ದೆ. ಮೊಳೆ, ಚೀಲದ ಮಾತು ಬಂದಾಗ ಓದುವ ದನಿ ನಿಂತಿತು. ನಮ್ಮ ಗೋಡೆಯ ಮೊಳೆಯ ಕಡೆ ನೋಡಿ, ‘ಖರೇ ಏನ?’ ಎಂದರು. ನಾನು ಹಿಟ್ಟಿನ ಕೈಯಲ್ಲೇ ಒಲೆ ಆರಿಸಿದೆ. ಉಳಿದದ್ದನ್ನೂ ಕೊನೆಯ ತನಕ ಓದಿದರು. ‘ಕಾರ್ಯಕರ್ತೆಯ ನಿರ್ಲಕ್ಷ್ಯ’ ಎಂಬುದನ್ನು ಒತ್ತಿದರು. ಹಸಿರು ಗುರುತು ಬಂತು. ಫೋನನ್ನು ಸ್ಟೂಲಿನ ಮೇಲಿಟ್ಟು ಎದ್ದು ಹೋದರು. ಆರು ದಿನವಾಯಿತು, ಮಾತಿಲ್ಲ.

ನಾಳೆ ಏಳನೆಯ ಪಾಠ. ನಾನೇ ಓದಿಕೊಳ್ಳಬೇಕು.